ಅವ್ವ ಕಲಿಸಿದ ಇಂಗ್ಲಿಷು

ಆಗಷ್ಟೇ ವಿಮಾನದಳ ಸೇರಿದ್ದೆ. ಜೆಟ್ ತರಬೇತಿಗೆ ಕರೆ ಬರುವತನಕ ಸುಮ್ಮನೆ ಕೂಡಬಾರದೆಂದು, ಬರ್ಮಾದಿಂದ ಹಾರಾಟ ಕಲಿಯಲು ಬಂದವರಿಗೆ ಇಂಗ್ಲಿಷ್ ಕಲಿಸಲು ಹಚ್ಚಿದರು. ಹೈಸ್ಕೂಲಿಗೆ ಬಂದ ಮೇಲೆ ಎಬಿಸಿಡಿ ಕಲಿತ ನಾನು ಮಾಸ್ತರ!

ನನ್ನ ಶಿಷ್ಯ ಟಿನ್‌ಗೆ ಇಂಗ್ಲಿಷ್ ಪರೀಕ್ಷೆಯೆಂದರೆ ಜ್ವರ. ಫೇಲಾದರೆ ವಿಮಾನ ಮುಟ್ಟದೆ ಊರಿಗೆ ಮರಳಬೇಕು. ಮನಸ್ಸು ಹಗುರಾಗಲೆಂದು ರಜೆಯಲ್ಲಿ ಅವನನ್ನು ಗೋಕಾಕ ಫಾಲ್ಸಿನ ನಮ್ಮ ಮನೆಗೆ ಕರೆದೊಯ್ದೆ. ರೊಟ್ಟಿ ತಿಂದು ಹೊರಡುವಾಗ ನಾನು "ಹೊಕ್ಕೇವಬೇ" ಎಂದೆ.

ಅವ್ವ ಸಿಡಿದಳು. "ಹೊಕ್ಕೇವಿ ಅನಬಾರ್ದೋ! ಹೋಗಿ ಬರ್ತೇವಿ ಅನ್ರಿ."

ಟಿನ್ ಅರ್ಥ ಕೇಳಿದ. ಪದಕ್ಕೆ ಪದ ಇಟ್ಟು ಹೇಳಿದೆ: "ವಿ ವಿಲ್ ಗೋ ಅಂಡ್ ಕಮ್."

ಪರೀಕ್ಷೆಯಲ್ಲಿ ಅಧಿಕಾರಿ ಕೇಳಿದರು, "ಮೊದಲ ಸಲ ಒಬ್ಬರೇ ಹಾರಲು ಹೊರಟಿದ್ದೀರಿ. ಗೆಳೆಯರಿಗೆ ಏನು ಹೇಳುತ್ತೀರಿ?"

ಟಿನ್ ನೆಟ್ಟಗೆ ನಿಂತು ಅವ್ವನ ವಾಕ್ಯ ಒಪ್ಪಿಸಿದ: "ಐ ವಿಲ್ ಗೋ ಅಂಡ್ ಕಮ್."

ಅಧಿಕಾರಿ ಬದಿಗೆ ಕೂತಿದ್ದ ನನ್ನತ್ತ ತಿರುಗಿದರು. "ಇದು ಯಾವ ಇಂಗ್ಲಿಷು?"

"ಗೋಕಾಕದ್ದು ಸರ್."

ಅವರು ಪೆನ್ನು ಎತ್ತಿಕೊಂಡರು. "ಇಂಗ್ಲಿಷಿನವರು ಹೀಗೆ ಹೇಳುವುದಿಲ್ಲ. ಹೇಳಬೇಕಾಗಿತ್ತು," ಎಂದು ಪಾಸು ಮಾಡಿದರು.

ಎರಡು ತಿಂಗಳು ಗಂಟಲು ಹರಿದುಕೊಂಡವನು ನಾನು. ಪಾಸು ಮಾಡಿಸಿದವಳು ಸಹಿ ಮಾಡಲೂ ಬಾರದ ಅವ್ವ. ಆಮೇಲೆ ವಿಮಾನ ಹತ್ತುವಾಗಲೆಲ್ಲ ನಾನೂ ಅದೇ ಇಂಗ್ಲಿಷು ಆಡಿದೆ. ಪ್ರತಿ ಸಲ ಹೋಗಿ ಬಂದವನಿಗೆ, ಅದನ್ನು ತಪ್ಪು ಇಂಗ್ಲಿಷು ಎನ್ನಲು ಧೈರ್ಯ ಸಾಲದು.