ಸುಳ್ಳು ಹೇಳದ ಖಾಲಿ ಕಿಸೆ

ನಮ್ಮಪ್ಪ ಸುಳ್ಳು ಹೇಳುವವರಲ್ಲ. ಉಗಾರ ಬುದ್ರುಕದ ನಮ್ಮ ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಉಳ್ಳಾಗಡ್ಡಿ ಇಲ್ಲ, ಸುಳ್ಳಂತೂ ಇಲ್ಲವೇ ಇಲ್ಲ. ಈ ಕೊನೆಯ ನೇಮ ಅಪ್ಪನನ್ನು ಪೇಚಿಗೆ ಸಿಕ್ಕಿಸುತ್ತಿದ್ದದ್ದು ಸಕ್ಕರೆ ಕಾರ್ಖಾನೆಯಿಂದ ಕಬ್ಬಿನ ಬಿಲ್ಲಿನ ಹಣ ಬಂದ ದಿನ. ಅವರು ಬ್ಯಾಂಕಿನಿಂದ ಮರಳುವ ಮೊದಲೇ ಸುದ್ದಿ ಊರು ಸೇರಿರುತ್ತಿತ್ತು. ಸಂಜೆ ಯಾರಾದರೂ ಬಂದು ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಹೊಳೆಯ ನೀರಿನ ಮಾತಾಡಿ, ಕಡೆಗೆ ಕೈಗಡ ಕೇಳುತ್ತಿದ್ದರು. ಇದ್ದದ್ದನ್ನು ಇಲ್ಲವೆನ್ನಲು ಅಪ್ಪನಿಗೆ ನಾಲಗೆ ಏಳುತ್ತಿರಲಿಲ್ಲ. ಕೊಡಲು ಮನಸ್ಸೂ ಬರುತ್ತಿರಲಿಲ್ಲ.

ಅದಕ್ಕೆ ಅವರು ಬ್ಯಾಂಕಿನಿಂದ ನೆಟ್ಟಗೆ ಸರಾಫನ ಅಂಗಡಿಗೆ ಹೋಗುತ್ತಿದ್ದರು. ಮನೆ ಮುಟ್ಟುವಷ್ಟರಲ್ಲಿ ನಗದೆಲ್ಲ ಬಂಗಾರವಾಗಿರುತ್ತಿತ್ತು. ಆಮೇಲೆ ಅಪ್ಪನ ತಮ್ಮ, ನಮ್ಮ ಕಾಕಾ, ಬಂದು ಕೇಳಿದರೆ ಅಪ್ಪ ಎರಡೂ ಕಿಸೆ ಹೊರಗೆಳೆದು ತೋರಿಸಿ, "ಕೈಯಾಗ ಒಂದ್ ರೂಪಾಯಿ ಇಲ್ಲೋ ತಮ್ಮಾ" ಅನ್ನುತ್ತಿದ್ದರು. ಆಗ ಅವರ ಮುಖದಲ್ಲಿ ಬಸದಿಯಿಂದ ಬಂದಷ್ಟು ಸಮಾಧಾನ. ನನಗೂ ಅದನ್ನೇ ಕಲಿಸಿದರು.

"ರೊಕ್ಕ ಕೈಯಾಗ ಇತ್ತಂದ್ರ ಸುಳ್ಳು ಹೇಳೂ ಪಾಳಿ ಬರ್ತೈತಿ. ಇಟ್ಕೋಬ್ಯಾಡ."

ನಾನು ಕಲಿತ ಪಾಠಗಳಲ್ಲಿ ಇದೊಂದನ್ನು ಮರೆತಿದ್ದರೆ ಚೆನ್ನಾಗಿತ್ತು. ಈಗ ಚಿಕ್ಕೋಡಿಯಲ್ಲಿ ಹೈಸ್ಕೂಲು ಮಾಸ್ತರನಾಗಿದ್ದೇನೆ. ಪಗಾರ ಬಂದ ದಿನವೇ ಅದು ಹೊರಟುಹೋಗುತ್ತದೆ: ನಿಪ್ಪಾಣಿ ರಸ್ತೆಯ ಎರಡು ಪ್ಲಾಟುಗಳ ಕಂತು, ವಿಮೆ, ಎಫ್‌ಡಿ, ಮಾಸ್ತರರೆಲ್ಲ ಸೇರಿ ದುಡ್ಡು ಕೂಡಿಸಿ ತಿಂಗಳಿಗೊಬ್ಬರು ಎತ್ತುವ ಭಿಶಿ. ಯಾರಾದರೂ ಸಾಲ ಕೇಳಿದರೆ ಇಲ್ಲವೆನ್ನುತ್ತೇನೆ. ಅದು ಅಪ್ಪಟ ನಿಜ. ಎರಡು ಪ್ಲಾಟುಗಳ ಧಣಿ ನಾನು, ಬಾಡಿಗೆಯ ಎರಡು ಖೋಲಿಗಳಲ್ಲಿ ಇದ್ದುಕೊಂಡು ತಿಂಗಳ ನಡುವೆಯೇ ಪೆಟ್ರೋಲಿಗೆ ಚಿಲ್ಲರೆ ಹುಡುಕುತ್ತೇನೆ. ನಗು ಬರುತ್ತದೆ, ಉಸಿರೂ ಕಟ್ಟುತ್ತದೆ.

ಆ ಖೋಲಿಗಳಲ್ಲಿ ಮುಂದಿನದರಲ್ಲಿ ನನ್ನ ಹೆಂಡತಿಯ ಹೊಲಿಗೆ ಮಷೀನು ಇದೆ. ಅವಳು ಹೊಲಿಯುವ ರವಕೆಗೆ ಓಣಿಯಲ್ಲಿ ಹೆಸರಿದೆ. ಆದರೆ ಮಂಚ, ಮಷೀನು, ಬಂದವರ ಚಪ್ಪಲಿ, ಎಲ್ಲ ಒಂದೇ ಕಡೆ. ಹೋದ ವರ್ಷ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಅಂಗಡಿ ಖಾಲಿಯಾಯಿತು. ಆ ದಿನ ಅವಳ ಮುಖದಲ್ಲಿದ್ದ ಕಳೆಯನ್ನು ಮದುವೆಯಾದಾಗಿನಿಂದ ನಾನು ಕಂಡಿರಲಿಲ್ಲ.

"ರೀ, ಸೋಮವಾರದೊಳಗ ಡಿಪಾಜಿಟ್ ಕೊಟ್ರ ಅಂಗಡಿ ನಮಗ ಸಿಗತೈತಿ."

"ಕೈಯಾಗ ಏನೂ ಇಲ್ಲಲ್ಲ," ಅಂದೆ.

"ಕೈಯಾಗ ಇಲ್ಲ ಅನ್ನೂದು ಗೊತ್ತೈತ್ರಿ. ಒಂದು ಎಫ್‌ಡಿ ಮುರೀರಿ."

ಶನಿವಾರ ಬ್ಯಾಂಕಿಗೆ ಹೋದೆ. ಕೌಂಟರಿನಲ್ಲಿದ್ದವರು, "ಈಗ ಮುರದ್ರ ಬಡ್ಡಿ ಕಟ್ ಆಗತೈತ್ರಿ ಸರ್, ನೋಡ್ರಿ ವಿಚಾರ ಮಾಡ್ರಿ" ಅಂದರು. ಬಡ್ಡಿಯ ಚಿಂತೆ ನನಗಿರಲಿಲ್ಲ. ಸೋಮವಾರದ ತನಕ ಅಷ್ಟು ದುಡ್ಡು ಯಾರು ಬೇಕಾದರೂ ಕೇಳಬಹುದಾದಂತೆ ಬಿದ್ದಿರುತ್ತದಲ್ಲ ಎಂದು ಎತ್ತಿಕೊಂಡ ಪೆನ್ನನ್ನು ಕೆಳಗಿಟ್ಟೆ. ಯಾರು ಕೇಳುತ್ತಾರೆ? ಕಾಕಾ ತೀರಿಕೊಂಡು ವರ್ಷಗಳಾದವು. ಆದರೂ ಸಹಿ ಮಾಡಲಾಗಲಿಲ್ಲ. ಬಡ್ಡಿಯದೇ ನೆಪ ಹಿಡಿದು ಮನೆಗೆ ಬಂದೆ.

ಅಂಗಡಿ ಮೊಬೈಲ್ ಕವರ್ ಮಾರುವವನೊಬ್ಬನ ಪಾಲಾಯಿತು. ಅವಳು ಜಗಳವಾಡಲಿಲ್ಲ. ಮಷೀನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತ ಹೇಳಿದಳು:

"ನಾಲ್ಕ ಮಂದಿ ಬಂದು ಕೇಳ್ತಾರಂತ ಮಾವನವರು ಬಂಗಾರ ತಗೋತಿದ್ರು. ನಿಮ್ಮ ಕಡೆ ಯಾರ ಬರ್ತಾರ್ರಿ? ಕೇಳಾಕಿ ಅಂದ್ರ ನಾ ಒಬ್ಬಾಕೀನ ಇದ್ದೀನಿ."

ಇಷ್ಟು ವರ್ಷ ನಾನು ಕಟ್ಟಿದ ಕೋಟೆಯೆಲ್ಲ ಮಗ್ಗುಲಲ್ಲಿ ಮಲಗುವವಳ ವಿರುದ್ಧವೇ ಎಂದು ತಿಳಿದು ನಾಚಿಕೆಯಾಯಿತು.

ಈ ತಿಂಗಳು ಭಿಶಿ ಎತ್ತುವ ಸರದಿ ನನ್ನದಾಯಿತು. ದುಡ್ಡು ತಂದು ಅವಳೆದುರು ಇಟ್ಟು, "ಈ ಸಲ ಎಲ್ಲೂ ಹಾಕಂಗಿಲ್ಲ. ನಿನಗ ಏನ್ ಬೇಕು ಕೇಳು" ಅಂದೆ.

"ಏನೂ ಬ್ಯಾಡ್ರಿ," ಅಂದಳು. ಸಿಟ್ಟಿನಿಂದಲ್ಲ. ಕೇಳುವುದನ್ನೇ ಬಿಟ್ಟವರ ದನಿಯಲ್ಲಿ.

ಬೇರೆ ಅಂಗಡಿ ನೋಡೋಣವೆಂದೆ. ಈಗಿರುವ ಗಿರಾಕಿಗಳೇ ಸಾಕು ಎಂದಳು. ಅವಳು ಕೇಳಲಿ ಎಂದು ದಿನವೂ ಕಾದೆ. ಶಾಲೆಯಲ್ಲಿ ಪಾಠ ಮಾಡುವಾಗಲೂ ಮನೆಯಲ್ಲಿದ್ದ ಆ ದುಡ್ಡು ಎದೆಯ ಮೇಲೆ ಕೂತಂತಿರುತ್ತಿತ್ತು. ವಾರ ತುಂಬುವ ಮುಂಚೆಯೇ ಒಂದು ಬೆಳಿಗ್ಗೆ ಅದನ್ನು ಬ್ಯಾಗಿಗೆ ಹಾಕಿಕೊಂಡೆ. ಸಂಜೆ ಶಾಲೆ ಬಿಟ್ಟವನು ಸರಾಫ ಕಟ್ಟೆಯ ಕಡೆ ಗಾಡಿ ತಿರುಗಿಸಿದೆ.

ಮನೆಗೆ ಬಂದಾಗ ಅವಳು ಏನೂ ಕೇಳಲಿಲ್ಲ. ನನ್ನ ಕೈಯಲ್ಲಿದ್ದ ಸರಾಫನ ಗುಲಾಬಿ ಕಾಗದದ ಪೊಟ್ಟಣ ನೋಡಿ ಎದ್ದುಹೋಗಿ, ತಿಜೋರಿಯಲ್ಲಿ ತನ್ನ ಸೀರೆಗಳನ್ನು ಸರಿಸಿ ಜಾಗ ಮಾಡಿಕೊಟ್ಟಳು.