ಅವ್ವ ನೋಡದ ಗ್ರಹಣ

ನನ್ನ ಎಡಗಿವಿಯ ಅಂಚಿನಲ್ಲಿ ಹುಣಸೆಬೀಜದಷ್ಟು ಜಾಗ ಹುಟ್ಟಿನಿಂದಲೇ ಖಾಲಿ ಇದೆ. ಹೈದರಾಬಾದಿನ ಹಿಮಾಯತ್‌ನಗರದ ಚಿನ್ನದಂಗಡಿಯವರು ಓಲೆ ತೋರಿಸುವಾಗ "ಕ್ಯಾ ಹುವಾ ಮೇಡಂ?" ಎಂದು ಕೇಳುತ್ತಾರೆ. "ಗ್ರಹಣ್" ಎನ್ನುತ್ತೇನೆ. ಮತ್ತೆ ಕೇಳುವುದಿಲ್ಲ.

ನಾನು ಹೊಟ್ಟೆಯಲ್ಲಿದ್ದಾಗ ರಾಯಚೂರಿನಲ್ಲಿ ಖಗ್ರಾಸ ಸೂರ್ಯಗ್ರಹಣ ಆಗಿತ್ತು. ಬಸುರಿ ಗ್ರಹಣ ನೋಡಿದರೆ ಕೂಸಿಗೆ ಊನ ಎಂದು ಅಜ್ಜಿ, ಅಂದರೆ ಅಪ್ಪನ ತಾಯಿ, ಅವ್ವನನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಂಗಾತ ಮಲಗಿಸಿ ಕದ ಹಾಕಿದ್ದಳು. ನಾನು ಹುಟ್ಟಿದಾಗ ಅಜ್ಜಿ ಮೊದಲು ನೋಡಿದ್ದು ಕಿವಿಯನ್ನು. "ಎದ್ದು ನೋಡ್ಯಾಳ ಇಕಿ," ಎಂದಳು. ಸಾಯುವವರೆಗೂ ಅದನ್ನೇ ಅಂದಳು. ನನ್ನನ್ನು ನೋಡಲು ಬಂದ ಗಂಡಿನವರ ಮುಂದೆಯೂ ಅಂದಳು. ಅವ್ವ ಪ್ರತಿಸಲ ದೇವರ ಮುಂದೆ ನಿಂತು, "ಮಗ್ಗಲಾ ಸೈತ ಬದಲಿಸಿಲ್ಲ" ಎಂದು ಆಣೆ ಮಾಡುತ್ತಿದ್ದಳು. ಗ್ರಹಣದ ದಿನ ಹೈದರಾಬಾದಿನ ಕಾರ್ಖಾನೆಯಲ್ಲಿದ್ದ ಅಪ್ಪ, "ನಾ ಡ್ಯೂಟಿ ಮ್ಯಾಲಿದ್ದೆ" ಎಂದು ಇವತ್ತಿಗೂ ಅಡ್ಡಗೋಡೆಯ ಮೇಲೆ ದೀಪ ಇಡುತ್ತಾನೆ. ಅವ್ವನ ಪರವಾಗಿ ಅಜ್ಜಿಯೊಂದಿಗೆ ಜಗಳಾಡಿದವಳು ನಾನೊಬ್ಬಳೇ. ಒಮ್ಮೆಯಂತೂ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದೆ.

ಮಂಗಳೂರಿನಲ್ಲಿ ಕಂಕಣ ಗ್ರಹಣ ಕಾಣುತ್ತದೆ ಎಂದು ತಿಳಿದು ನಾನು ಹೊರಟಾಗ ಅವ್ವನೂ ಸೀರೆ ಮಡಚತೊಡಗಿದಳು. "ನೋಡದನ ಇಷ್ಟು ವರ್ಷ ಮಾತು ಕೇಳೀನಿ. ಒಮ್ಮೆ ನೋಡೇ ಬಿಡ್ತೀನಿ," ಎಂದಳು. ನ್ಯಾಯವಾದ ಮಾತು. ಮೂವರೂ ಕಾಚಿಗೂಡದಲ್ಲಿ ರೈಲು ಹತ್ತಿದೆವು. ಅಪ್ಪ ಚಪಾತಿ ಡಬ್ಬಿಯೊಳಗೆ ದರ್ಭೆ ಇಟ್ಟುಕೊಂಡಿದ್ದ. ನಾವು ಹೊರಟಿರುವುದೇ ಗ್ರಹಣ ನೋಡಲಿಕ್ಕಲ್ಲವೇ ಎಂದರೆ, "ಅದು ಬ್ಯಾರೆ, ಇದು ಬ್ಯಾರೆ" ಎಂದ.

ಮಂಗಳೂರು ಮುಟ್ಟಿದ ಮರುದಿನ ಬೆಳಿಗ್ಗೆ ಕಡಲ ದಂಡೆಯಲ್ಲಿ ನಿಂತಿದ್ದೆವು. ಸೂರ್ಯ ಉಂಗುರವಾದಾಗ ಜನ ಕೇಕೆ ಹಾಕಿದರು. ಅವ್ವ ಗ್ರಹಣದ ಕನ್ನಡಕ ಹಾಕಿಕೊಂಡು ನೋಡಿದಳು. ತೆಗೆದು ನನ್ನ ಕೈಗೆ ಕೊಟ್ಟಳು.

"ಇಷ್ಟ ಏನು? ಬಳಿ ಇಟ್ಟಂಗ ಐತಿ. ಅವತ್ತಿಂದು ಹಿಂಗಿದ್ದಿಲ್ಲ. ನಡುವ ಕರ್ರಗ, ಸುತ್ತೂ ಬೆಳ್ಳನ ಕೂದಲಾ ಬಿಚ್ಚಿ ಹರವಿದಂಗ. ಚುಕ್ಕಿ ಸೈತ ಮೂಡಿದ್ವು."

ಅಪ್ಪ ತನ್ನ ಕನ್ನಡಕ ಇಳಿಸಿದ. ಅವ್ವನಿಗೆ ತಾನು ಅಂದದ್ದು ಆಮೇಲೆ ಕೇಳಿಸಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನನಗೆ ಸಿಟ್ಟು ಬಂತು. ಕಿವಿಯ ವಿಷಯ ಬಿಡಿ, ನೋಡಿದ್ದರ ಮಟ್ಟಿಗೆ ಅಜ್ಜಿಯ ಮಾತೇ ಖರೆ. ಚಿಕ್ಕವಳಿದ್ದಾಗ ಎಣ್ಣೆನೀರಿನ ದಿನ ಅವ್ವ ನನ್ನ ಎಡಗಿವಿಯನ್ನು ಮಾತ್ರ ಏಕೆ ಅಷ್ಟು ಹೊತ್ತು ತಿಕ್ಕುತ್ತಿದ್ದಳು ಎಂಬುದೂ ಆಗಲೇ ತಿಳಿಯಿತು. ಸಿಟ್ಟು ಉಳಿಯಲಿಲ್ಲ.

"ಚೆಂದಿತ್ತೇನವ್ವಾ?" ಎಂದೆ.

ಅವಳು ಒಮ್ಮೆ ಅಪ್ಪನ ಕಡೆ ನೋಡಿದಳು. ಆಮೇಲೆ ನನ್ನ ಕೂದಲು ಸರಿಸಿ, ಕಿವಿಯ ಆ ಖಾಲಿ ಜಾಗದಲ್ಲಿ ಬೆರಳಿಟ್ಟಳು.

"ಭಾಳ. ಕಿಟಕಿ ಸಂದ್ಯಾಗಿಂದ ನೋಡಿದೆ. ಆಗ ನೀ ಒಳಗ ಒದ್ದಿ. ನಿನಗೂ ಕಂಡಿರಬೇಕು ಅಂದ್ಕೊಂಡೆ."