ಅಳಿಯನ ಜಳಕಕ್ಕೆ ತಂದ ಬಂಬ

ಮದುವೆಯಲ್ಲಿ ಗಂಡಿನ ಕಡೆಯವರು ಏನಾದರೊಂದು ಕೊಂಕು ತೆಗೆಯಲೇಬೇಕು ಎಂಬುದು ನಮ್ಮ ಕಡೆ ಯಾರೂ ಬರೆಯದ, ಎಲ್ಲರೂ ಪಾಲಿಸುವ ಕಾಯಿದೆ. ಸಾರಿಗೆ ಉಪ್ಪು ಸಾಲದು, ಹಾಸಿದ ಜಮಖಾನೆ ಹಳೆಯದು, ವಾಜಂತ್ರಿಯವರು ತಡಮಾಡಿ ಬಂದರು, ಇವೇನೂ ಸಿಗದಿದ್ದರೆ ಜಳಕದ ನೀರು ಕಾದಿರಲಿಲ್ಲ. ನನ್ನ ಮದುವೆಯಲ್ಲಿ ನಮ್ಮವ್ವ ಈ ಕೊನೆಯದನ್ನು ಆರಿಸಿಕೊಂಡಳು. ಉಮದಿಯ ಬೀಗರ ಮನೆಯ ಪಡಸಾಲೆಯಲ್ಲಿ ಎರಡೂ ಕಡೆಯ ಮಂದಿ ಚಹಾ ಕುಡಿಯುತ್ತ ಕೂತಿದ್ದರು. ಅವ್ವ ಬಚ್ಚಲಿನಿಂದ ಬಂದವಳೇ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದಳು.

"ನಮ್ಮ ಜತ್ತದಾಗ ಇಷ್ಟು ತಣ್ಣೀರಾಗ ದನಾನೂ ಮೈ ತೊಳಸೂದಿಲ್ಲ ಬಿಡ್ರಿ."

ನನ್ನ ಮಾವನವರು ಶೇಂಗಾ ವ್ಯಾಪಾರಸ್ಥರು. ಹಣೆಯ ತುಂಬ ವಿಭೂತಿ, ತಲೆಗೆ ಬಿಳಿ ರುಮಾಲು, ಸಂತೆಯಲ್ಲಿ ನಾಲ್ಕು ಮಂದಿ ಎದ್ದು ನಿಲ್ಲುವಂಥ ಮನುಷ್ಯ. ಅವರು ಚಹಾದ ಬಟ್ಟಲು ಕೆಳಗಿಟ್ಟು ಎದ್ದು ಕೈಮುಗಿದರು. "ತಪ್ಪಾತ್ರಿ ಬೀಗತೇರ. ಮುಂದ ಹಿಂಗಾಗೂದಿಲ್ಲ," ಎಂದರು. ಬಾಸಿಂಗ ಕಟ್ಟಿಸಿಕೊಳ್ಳಲು ಕೂತಿದ್ದ ನಾನು ನೆಲ ನೋಡಿದೆ. ಅವ್ವನಿಗಿಂತ ಮೊದಲು ಅದೇ ನೀರಿನಲ್ಲಿ ನನ್ನ ಜಳಕವಾಗಿತ್ತು. ಮೈ ಸುಡುತ್ತದೆಂದು ಎರಡು ತಂಬಿಗೆ ತಣ್ಣೀರು ಬೆರೆಸಿಕೊಂಡಿದ್ದೆ.

ಇನ್ನು ಜತ್ತದ ನಮ್ಮ ಮನೆಯ ವಿಷಯ. ಮನೆಯೆಂದರೆ ಬಾಡಿಗೆಯ ಎರಡು ಖೋಲಿ. ಮದುವೆಯ ಮಾತುಕತೆಯೆಲ್ಲ ಉಮದಿಯಲ್ಲೇ ಮುಗಿದಿದ್ದರಿಂದ ಬೀಗರು ಅದನ್ನು ಕಂಡಿರಲಿಲ್ಲ. ನಾನು ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡ. ಅವ್ವ ಮಂದಿಯ ಮನೆಗೆ ಶಾವಿಗೆ ಹೊಸೆದು, ಹಪ್ಪಳ ಲಟ್ಟಿಸಿ ನನ್ನನ್ನು ಓದಿಸಿ ಸಾಲಿ ಮಾಸ್ತರನನ್ನಾಗಿ ಮಾಡಿದಳು. ನಮಗೆ ಬಚ್ಚಲೇ ಇರಲಿಲ್ಲ. ಹಿತ್ತಿಲಲ್ಲಿ ಗೋಣಿತಟ್ಟು ಕಟ್ಟಿದ ಒಂದು ಮೂಲೆ, ಕೆಳಗೊಂದು ಚಪ್ಪಡಿ, ಪಕ್ಕದಲ್ಲಿ ಮೂರು ಕಲ್ಲಿನ ಮೇಲೆ ಬಾಯಿ ಒಡೆದ ಮಣ್ಣಿನ ಗಡಿಗೆ. ಒಂದು ಗಡಿಗೆ ನೀರು ಇಬ್ಬರಿಗೆ. ಬೇಸಿಗೆಯಲ್ಲಿ ಕಟ್ಟಿಗೆ ಉಳಿಯಲೆಂದು ಅವ್ವ ಆ ಗಡಿಗೆಯನ್ನು ಬಿಸಿಲಿಗೆ ಇಟ್ಟು ಬಿಡುತ್ತಿದ್ದಳು. ಅದೇ ನಮ್ಮ ಬಿಸಿನೀರು.

ಮದುವೆ ಮುಗಿಸಿ ಬರುವಾಗ ಬಸ್ಸಿನಲ್ಲಿ ನಾನು ಆ ಮಾತು ತೆಗೆದೆ. ಅವ್ವ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು, "ಅಪ್ಪ ಇಲ್ಲದ ಹುಡಗ, ರಂಡಿಮುಂಡಿ ಮಗಾ ಅಂತ ಅವರು ಹಗರ ತಿಳೀಬಾರದು. ಏನರೆ ಒಂದು ಅನ್ನಬೇಕಾಗಿತ್ತು, ಅಂದೆ." ತನ್ನನ್ನೇ ಆಕೆ ಹಾಗೆ ಕರೆದುಕೊಂಡಳು.

ಹೆಂಡತಿ ನಮ್ಮ ಮನೆಗೆ ಬಂದ ಮೊದಲ ಮುಂಜಾನೆ ಹಿತ್ತಿಲಿಗೆ ಹೋದಳು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವಳು ಗಡಿಗೆಯನ್ನು ನೋಡಿದಳು, ಗೋಣಿತಟ್ಟನ್ನು ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರಗಾಲಿನಲ್ಲಿ ಕೂತು ಒಲೆ ಊದತೊಡಗಿದಳು. ಅವ್ವ ಅಂದ ಮಾತನ್ನು ಅವಳು ಮರೆತಿಲ್ಲವೆಂದು ನನಗೆ ಗೊತ್ತಿತ್ತು, ನಾನೂ ಮರೆತಿಲ್ಲವೆಂದು ಅವಳಿಗೆ ಗೊತ್ತಿತ್ತು. ಆ ಮೌನದಲ್ಲಿ ದಿನಾಲು ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ಹುಡುಗರಿಗೆ ಮಗ್ಗಿ ಹೇಳಿಕೊಡಲು ಹೋಗುತ್ತಿದ್ದೆ.

ಅದೇ ವರ್ಷ ದೀಪಾವಳಿಗೆ ಉಮದಿಯಿಂದ ಕರೆ ಬಂತು. ಮೊದಲ ದೀಪಾವಳಿ, ಹೊಸ ಅಳಿಯ ಹೆಂಡತಿಯ ತವರಿನಲ್ಲಿ ಎಣ್ಣೆ ಹಚ್ಚಿಸಿಕೊಂಡು ಎರೆದುಕೊಳ್ಳಬೇಕು. ಅಳಿಯನ ಜಳಕವಾಗುವ ತನಕ ಆ ಮನೆಯಲ್ಲಿ ಬೇರೆ ಯಾರೂ ನೀರು ಹಾಕಿಕೊಳ್ಳುವಂತಿಲ್ಲ, ಬಾಯಿಗೆ ತುತ್ತು ಇಡುವಂತಿಲ್ಲ. ನಾವಿಬ್ಬರೂ ಹಬ್ಬದ ಹಿಂದಿನ ಸಂಜೆ ಬಸ್ಸಿಳಿದೆವು. ಮಾವನವರು ನನಗೆ ಕೈಕಾಲು ತೊಳೆಯುವುದಕ್ಕೂ ಬಿಡದೆ ಸೀದಾ ಬಚ್ಚಲಿಗೆ ಕರೆದುಕೊಂಡು ಹೋದರು.

ಮದುವೆಯಲ್ಲಿ ನಾನು ಕಂಡ ಹಂಡೆ ಅಲ್ಲಿರಲಿಲ್ಲ. ಒಲೆಯ ಜೊತೆ ಗೋಡೆಗೆ ಕಟ್ಟಿ ಕೂರಿಸಿದ್ದ ದೊಡ್ಡ ತಾಮ್ರದ ಹಂಡೆ ಅದು, ಅತ್ತೆಯವರ ತವರಿನಿಂದ ಬಂದದ್ದು. ತಳ ಸವೆದು ಹನಿಯುತ್ತಿತ್ತಂತೆ, ಅತ್ತೆ ಬೆಲ್ಲಸುಣ್ಣ ಕಲಸಿ ಮೆತ್ತಿ ಮೆತ್ತಿ ಅದನ್ನು ನಡೆಸಿಕೊಂಡು ಬಂದಿದ್ದರು. ಬೀಗತಿ ಆಡಿದ ಮಾತಿಗೆ ಮಾವನವರು ಒಲೆಯನ್ನೇ ಒಡೆಸಿ, ಹಂಡೆ ಕಿತ್ತು, ವಿಜಾಪುರಕ್ಕೆ ಒಯ್ದು ತಾಮ್ರಕ್ಕೆ ತಾಮ್ರ ಬದಲು ಕೊಟ್ಟು ಹೊಸ ಬಂಬ ತಂದಿದ್ದರು. ಸಾಂಗಲಿ, ಮಿರಜದ ದೊಡ್ಡ ಮನೆಗಳಲ್ಲಿ ಇರುವಂಥದು. ಸೊಂಟದೆತ್ತರದ ತಾಮ್ರದ ಪೀಪಾಯಿ, ಅದರ ನಡುವೆ ಕೆಳಗಿನಿಂದ ಮೇಲಿನವರೆಗೆ ಒಂದು ಕೊಳವೆ. ಕೊಳವೆಯೊಳಗೆ ಬೆಂಕಿ, ಸುತ್ತಲೂ ನೀರು, ಪಕ್ಕಕ್ಕೊಂದು ನಲ್ಲಿ. ನಾನು ಅಂಥದನ್ನು ಕಂಡದ್ದು ಅದೇ ಮೊದಲು.

ಹಬ್ಬದ ಹಿಂದಿನ ದಿನ ಹಂಡೆ ತಿಕ್ಕಿ, ನೀರು ತುಂಬಿ, ಪೂಜೆ ಮಾಡುವುದು ನಮ್ಮಲ್ಲಿಯ ಪದ್ಧತಿ. ಅತ್ತೆಯವರು ಬಂಬವನ್ನೂ ಹಂಡೆಯೆಂದೇ ತಿಳಿದು ಯಾವುದಕ್ಕೂ ಕೊರತೆ ಮಾಡಿರಲಿಲ್ಲ. ಮಸಿ ಹಿಡಿಯಬಾರದೆಂದು ಹೊಳೆಯುವ ತಾಮ್ರಕ್ಕೆಲ್ಲ ಕೆಸರು ಮೆತ್ತಿದ್ದರು. ಅದರ ಮೇಲೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ. ಕೊರಳಿಗೆ ಹಿಂಡಲಕಾಯಿಯ ಬಳ್ಳಿ ಸುತ್ತಿದ್ದರು. ಮೇಲೆ ಕೊಳವೆಯ ಬಾಯಿಯಲ್ಲಿ ಎಲೆಗಳನ್ನು ಜೋಡಿಸಿ ಕಳಸದ ತೆಂಗಿನಕಾಯಿ ಕೂರಿಸಿದ್ದರು. ಕಾಯಿ ಆ ಬಾಯಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತ್ತು.

"ನಿಮ್ಮ ಮನ್ಯಾಗಿಂದರ ಮುಂದ ಇದು ಸಣ್ಣದಾದೀತು," ಎಂದರು ಮಾವನವರು. "ಸಂಭಾಳಿಸ್ಕೋರಿ."

"ಛೇ ಛೇ, ಭಾಳ ಚಲೋ ಐತ್ರಿ," ಎಂದೆ. ಹೆಂಡತಿ ಆರತಿಯ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಕಡೆ ತಿರುಗುವ ಧೈರ್ಯ ನನಗಾಗಲಿಲ್ಲ.

ಮರುದಿನ ಇನ್ನೂ ನಸುಕಿನಲ್ಲಿ ನನ್ನನ್ನು ಅಂಗಳದಲ್ಲಿ ಮಣೆಯ ಮೇಲೆ ಕೂರಿಸಿ ಹೆಂಡತಿ ಎಣ್ಣೆ ಹಚ್ಚತೊಡಗಿದಳು. ಚಳಿ ಬಿದ್ದಿತ್ತು. ಮನೆಮಂದಿಯೆಲ್ಲ ಮೈಮೇಲೆ ಚಾದರ ಹೊದ್ದು ಸುತ್ತ ನಿಂತಿದ್ದರು, ನನ್ನ ಜಳಕ ಮುಗಿದರೆ ತಮ್ಮ ಪಾಳಿ ಎಂದು. ಬಚ್ಚಲಿನಲ್ಲಿ ಮಾವನವರೇ ಉರಿ ಹಚ್ಚಲು ಕೂತಿದ್ದರು. ಅಳಿಯನ ನೀರನ್ನು ಆಳಿನ ಕೈಯಲ್ಲಿ ಕಾಸಬಾರದು ಎಂದು ಅವರ ಹಟ. ಮೊದಲು ಬಾಗಿಲಿನಿಂದ ತೆಳ್ಳಗೆ ಹೊಗೆ ಬಂತು. ಆಮೇಲೆ ದಪ್ಪಗೆ ಬಂತು. ತೊಗರಿಕಟ್ಟಿಗೆ ಹಾಕಿದರು, ಕುಳ್ಳು ಹಾಕಿದರು, ಚಿಂದಿಯನ್ನು ಚಿಮಣಿ ಎಣ್ಣೆಯಲ್ಲಿ ಅದ್ದಿ ತುರುಕಿದರು. ಬೆಂಕಿ ಒಮ್ಮೆ ಭುಗ್ಗೆಂದು ಅಲ್ಲೇ ಸತ್ತುಹೋಗುತ್ತಿತ್ತು. ಒಳಗಿನಿಂದ ಕೆಮ್ಮು ಕೇಳುತ್ತಲೇ ಇತ್ತು. ನನ್ನ ತಲೆಯ ಮೇಲಿದ್ದ ಹೆಂಡತಿಯ ಕೈ ಪ್ರತಿ ಕೆಮ್ಮಿಗೂ ನಿಂತು ಮತ್ತೆ ಆಡುತ್ತಿತ್ತು.

ಕಡೆಗೆ ಮಾವನವರು ಹೊರಗೆ ಬಂದರು. ರುಮಾಲು ಇರಲಿಲ್ಲ. ಮುಖ ಕಪ್ಪಾಗಿ, ವಿಭೂತಿ ಅಳಿಸಿ, ಕಣ್ಣಿನಿಂದ ನೀರು ಇಳಿಯುತ್ತಿತ್ತು. "ಅಳಿಯಂದ್ರ, ನಿಮಗ ದಿನಾ ರೂಢಿ ಐತಿ. ತುಸು ನೋಡ್ರಿ," ಎಂದರು.

ಮೈತುಂಬ ಎಣ್ಣೆ ಸುರಿಸಿಕೊಂಡು ನಾನು ಎದ್ದು ಹೋದೆ. ಬಂಬದ ಮುಂದೆ ಬಗ್ಗಿ, ಶಾಲೆ ತಪಾಸಣೆಗೆ ಬರುವ ಸಾಹೇಬರು ಹುಡುಗರ ಪಾಟಿ ನೋಡುವ ಗತ್ತಿನಲ್ಲಿ, ಕೆಳಗೆ ನೋಡಿದೆ, ಮೇಲೆ ನೋಡಿದೆ. ನನಗೆ ತಲೆ ಬುಡ ಏನೂ ತಿಳಿಯಲಿಲ್ಲ. "ಕಟ್ಟಿಗಿ ಹಸೀ ಕಾಣತಾವ," ಎಂದೆ. ಕಟ್ಟಿಗೆ ಬಾಣಲೆಯ ಕಡಲೆಯ ಹಾಗೆ ಒಣಗಿದ್ದವು. ಅವು ಹಸಿಯಲ್ಲವೆಂದು ಮಾವನವರಿಗೂ ಗೊತ್ತಿತ್ತು, ಆದರೂ ಅಳಿಯನ ಮಾತೆಂದು ತಲೆಯಾಡಿಸಿದರು.

ಹಿಂದಿನಿಂದ ಹೆಂಡತಿ ಹೇಳಿದಳು, "ಅಪ್ಪಾ, ಆ ಕಾಯಿ ತಗೀರಿ. ಹೊಗಿ ಹೋಗಾಕ ದಾರಿ ಇಲ್ಲ." ಬಂಬ ಅವಳಿಗೂ ಹೊಸದೇ. ಆದರೆ ದಿನಾ ಒಲೆ ಊದುವವಳ ಕಣ್ಣು ಅದು.

ಅತ್ತೆಯವರು ಅಡ್ಡ ಬಂದರು. "ಪೂಜಿ ಮಾಡಿದ ಕಳಸ. ಅಳಿಯಂದ್ರ ಜಳಕ ಆಗೂ ತನಕಾ ಅಲಗಸಬಾರದು. ಮೊದಲ್ನೇ ದೀವಳಿಗಿ ಐತಿ, ನಿನ್ನ ಕುಂಕಮದ ಮಾತು."

ಮಾವನವರು ನನ್ನ ಕಡೆ ತಿರುಗಿದರು. "ನಿಮ್ಮ ಮನ್ಯಾಗ ಕಳಸಾ ಎಲ್ಲಿ ಇಡ್ತೀರಿ?"

ಅವರ ಮಾತಿನಲ್ಲಿ ಒಂದಿಷ್ಟೂ ಚುಚ್ಚು ಇರಲಿಲ್ಲ, ತಿಳಿದವನನ್ನು ಕೇಳುವಂತೆ ಕೇಳಿದರು. ಸುತ್ತ ನಿಂತವರೆಲ್ಲ ನನ್ನ ಬಾಯಿ ನೋಡುತ್ತಿದ್ದರು. ನಿಜ ಹೇಳಿದರೆ ನಮ್ಮವ್ವನ ಮಾನ ಹೋಗುತ್ತಿತ್ತು, ಸುಮ್ಮನಿದ್ದರೆ ಮಸಿ ಬಳಿದುಕೊಂಡು ನಿಂತ ಈ ಹಿರಿಯರದು.

"ನಮ್ಮತ್ತಿ ಬಂಬದ ಮುಂದ ನೆಲದ ಮ್ಯಾಲ ಇಡ್ತಾರಪ್ಪ," ಎಂದಳು ಹೆಂಡತಿ.

ಅವಳು ನಮ್ಮ ಮನೆಯಲ್ಲಿ ದೀಪಾವಳಿಯನ್ನೇ ಕಂಡಿರಲಿಲ್ಲ. ಯಾರಿಗೂ ಅದು ಹೊಳೆಯಲಿಲ್ಲ. ಹುಟ್ಟಿದ ಮನೆಯಲ್ಲಿ ನಿಂತು, ಬೂದಿಯಲ್ಲಿ ಹೊರಳಿದ ಅಪ್ಪನ ಎದುರಿಗೆ, ಅವಳು ನಮ್ಮ ಹಿತ್ತಿಲಿನ ಗಡಿಗೆಯನ್ನು ಬಂಬ ಮಾಡಿಬಿಟ್ಟಳು. ಅಂಥ ನಾಚಿಕೆ ನನಗೆ ಜೀವನದಲ್ಲಿ ಅದಕ್ಕೂ ಮೊದಲು ಆಗಿರಲಿಲ್ಲ.

ಅತ್ತೆ ಮಾತ್ರ ಕಳಸ ಅಲುಗಿಸಲು ಒಪ್ಪಲಿಲ್ಲ. ಅಡಿಗೆಮನೆಯ ಎರಡೂ ಒಲೆ ಹಚ್ಚಿ, ಬೇಳೆ ಬೇಯಿಸುವ ಪಾತ್ರೆ, ಹಾಲಿನ ಬೋಗುಣಿ, ಹೋಳಿಗೆಯ ಹೂರಣದ ಗುಂಡಿ, ಸಿಕ್ಕಿದ್ದರಲ್ಲೆಲ್ಲ ನೀರಿಟ್ಟರು. ಕಾದ ಕಾದ ಹಾಗೆ ಮಾವನವರು ಅರಿವೆಯಿಂದ ಹಿಡಿದು ತಂದು ಸುರಿದರು. ಒಂದು ತಂಬಿಗೆಯಲ್ಲಿ ಹಾಲಿನ ವಾಸನೆ, ಇನ್ನೊಂದರಲ್ಲಿ ಏಲಕ್ಕಿಯದು. ಕೊನೆಯ ಪಾತ್ರೆ ಕೆಳಗಿಟ್ಟು ಅವರು ಮೆಲ್ಲಗೆ ಹೇಳಿದರು, "ಈ ಸಲಾನೂ ಹಿಂಗ ಆತು. ಬೀಗತೇರಿಗಿ ಹೇಳಬ್ಯಾಡ್ರಿ."

ನಮ್ಮಪ್ಪ ಬದುಕಿದ್ದರೆ ಅವರಿಗಿಂತ ಚಿಕ್ಕವನಾಗಿರುತ್ತಿದ್ದ. ನೆಲ ಬಾಯಿಬಿಟ್ಟಿದ್ದರೆ ಎಣ್ಣೆ ಮೈಯಲ್ಲೇ ಒಳಗೆ ಇಳಿದುಬಿಡುತ್ತಿದ್ದೆ.

ನನಗೆ ಆರತಿ ಆದ ಮೇಲೆ ಕಾಯಿ ತೆಗೆದರು. ಕೊಳವೆಯಲ್ಲಿ ಉರಿ ಭರ್ ಎಂದು ಎದ್ದಿತು. ಸ್ವಲ್ಪ ಹೊತ್ತಿನಲ್ಲೇ ನಲ್ಲಿಯಿಂದ ಕುದಿನೀರು ಬಂತು. ಮನೆಮಂದಿಯೆಲ್ಲ ಸಾಕುಸಾಕೆನ್ನುವಷ್ಟು ಬಿಸಿನೀರಲ್ಲಿ ಮಿಂದರು. ಮಾವನವರು ಮಾತ್ರ ಬಂಬದ ಕಡೆ ನೋಡಲಿಲ್ಲ.

ನಾವು ಹೊರಡುವ ದಿನ ಅವರು ಅದನ್ನು ಗೋಣಿಯಲ್ಲಿ ಸುತ್ತಿಸಿ ಬಸ್ಸಿನ ಮೇಲೆ ಹೇರಿಸಿದರು. "ಇದರ ಗುಣಾ ಗೊತ್ತಿದ್ದವರ ಮನ್ಯಾಗ ಇರ್ಲಿ. ನಿಮ್ಮದಕ್ಕ ಜೋಡಾಗ್ತೈತಿ," ಎಂದರು. ಬೇಡವೆಂದೆ, ಕೈಮುಗಿದೆ. ಮೊದಲ ದೀಪಾವಳಿಯ ಉಡುಗೊರೆಯನ್ನು ಅಳಿಯ ಬೇಡವೆಂದರೆ ಮುನಿಸೆಂದು ಅರ್ಥ. ಅತ್ತೆಯವರ ಮುಖ ಆಗಲೇ ಬಾಡುತ್ತಿತ್ತು. ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದೆ.

ಊರು ದಾಟಿದ ಮೇಲೆ ಹೆಂಡತಿಗೆ ಕೇಳಿದೆ, "ಅವತ್ತು ಖರೇನ ಯಾಕ ಹೇಳಲಿಲ್ಲ?"

"ಯಾವ ಮನೀ ಮಾನ ಕಳೀಲಿ?" ಎಂದಳು. "ಎರಡೂ ನನ್ನವೇ ಅದಾವಲ್ಲ."

ಬಂಬ ಕಂಡು ಅವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಿತ್ತಿಲಲ್ಲಿಟ್ಟರೆ ಯಾರಿಗೆ ಕಾಣಬೇಕೆಂದು ಮುಂಬಾಗಿಲ ಪಕ್ಕದಲ್ಲೇ ಕೂರಿಸಿದಳು. ಅಲ್ಲಿಂದ ನೀರು ಹೊತ್ತು ಹಿತ್ತಿಲಿಗೆ ಹೋಗಿ ಎರೆದುಕೊಳ್ಳಬೇಕು. ಓಣಿಯ ಹೆಂಗಸರನ್ನೆಲ್ಲ ಕರೆದು, "ಬೀಗರು ಒತ್ತಾಯ ಮಾಡಿ ಕೊಟ್ಟಾರ," ಎಂದು ತೋರಿಸಿದಳು. ದಿನಾ ಮುಂಜಾನೆ ಹೆಂಡತಿ ಅದಕ್ಕೆ ಉರಿ ಹಚ್ಚುವಳು. ಜಳಕ ಮುಗಿಸಿದ ಅವ್ವ, "ಇದಕ್ಕ ನೋಡು ನೀರು ಕಾಯೂದು ಅಂತಾರ," ಎನ್ನುವಳು. ಹೆಂಡತಿ, "ಹೌದ್ರಿ," ಎನ್ನುವಳು. ನನಗೆ ಆ ಎರಡು ಮಾತು ಕೇಳಲಾಗದೆ ಅಷ್ಟು ಹೊತ್ತಿಗೆ ಹೊರಗೆ ಹೋಗಿಬಿಡುತ್ತಿದ್ದೆ.

ಯುಗಾದಿಗೆ ಮತ್ತೆ ಉಮದಿಗೆ ಹೋದೆವು. ಬಚ್ಚಲಿನಲ್ಲಿ ಹಂಡೆ ಕಿತ್ತ ಜಾಗವನ್ನು ಮಣ್ಣು ಮೆತ್ತಿ ಸಾರಿಸಿದ್ದರು. ಮೂಲೆಯಲ್ಲಿ ಮೂರು ಕಲ್ಲು, ಅದರ ಮೇಲೊಂದು ಮಣ್ಣಿನ ಗಡಿಗೆ. ಅಷ್ಟು ದೊಡ್ಡ ಮನೆಗೆ ಅದೊಂದೇ. ಹೊಸದಕ್ಕೆ ಬದಲು ಕೊಡಲು ಈಗ ಹಳೆಯ ತಾಮ್ರವೂ ಉಳಿದಿರಲಿಲ್ಲ. ಒಬ್ಬರದಾದ ಮೇಲೆ ಒಬ್ಬರಿಗೆ ತುಂಬಿ ಕಾಸುತ್ತಿದ್ದರು, ಉಳಿದವರು ಕಾಯುತ್ತ ಕೂತಿದ್ದರು. ಮೊದಲ ಗಡಿಗೆ ನನಗೆ.

ತಂಬಿಗೆ ಕೈಯಲ್ಲಿ ಹಿಡಿದು ಅದರ ಮುಂದೆ ಎಷ್ಟೋ ಹೊತ್ತು ಕೂತೆ. ನೀರು ಬೀಳುವ ಸಪ್ಪಳ ಕೇಳಲಿಲ್ಲವೆಂದು ಅತ್ತೆಯವರಿಗೆ ಗಾಬರಿಯಾಗಿರಬೇಕು. ಬಾಗಿಲ ಹೊರಗಿನಿಂದ ಅವರ ದನಿ ಬಂತು.

"ಅಳಿಯಂದ್ರ, ನೀರು ಕಾದಾವೇನ್ರಿ?"

"ಭಾಳ ಕಾದಾವ್ರಿ," ಎಂದೆ. ನೀರಿಗೆ ಇನ್ನೂ ಕೈ ಹಾಕಿರಲಿಲ್ಲ.

"ಹಂಗಂತ ಬೀಗತೇರಿಗೂ ಹೇಳ್ರಿ ಮತ್ತ," ಎಂದರು.